ಸಮ್ಮತಿಪತ್ರದ ಭಾಷೆ

ಜತ್ತ ತಾಲೂಕಿನ ಉಮದಿ, ಸಂಖ ಮೊದಲಾದ ಗಡಿಗ್ರಾಮಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಮಗುವಿಗೆ ಶಸ್ತ್ರಚಿಕಿತ್ಸೆ ಬೇಕೆಂದರೆ ಮಿರಜ ಇಲ್ಲವೆ ಸಾಂಗಲಿಯ ದಾರಿ ಹಿಡಿಯಬೇಕು. ಅಲ್ಲಿ ಪಾಲಕರ ಮುಂದೆ ಬರುವ ಸಮ್ಮತಿಪತ್ರ ಸಾಮಾನ್ಯವಾಗಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಬೆರಳು ತೋರಿಸಿದ ಕಡೆ ಸಹಿ ಬೀಳುತ್ತದೆ. ಇದನ್ನು ಸಮ್ಮತಿ ಎನ್ನಬಹುದೇ?

ಕಾನೂನು ಈ ಸಮ್ಮತಿಗೆ ಕೊಟ್ಟಿರುವ ಬೆಲೆ ಸಣ್ಣದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಮು, 12 ವರ್ಷದೊಳಗಿನ ಮಗುವಿನ ಹಿತಕ್ಕಾಗಿ ಪಾಲಕರ ಒಪ್ಪಿಗೆಯಿಂದ, ಸದ್ಭಾವನೆಯಿಂದ ಚಿಕಿತ್ಸೆ ಮಾಡಿದ ವೈದ್ಯರಿಗೆ ರಕ್ಷಣೆ ನೀಡುತ್ತದೆ. ಮರುಕಲಮೇ, ತಪ್ಪು ತಿಳಿವಳಿಕೆಯಿಂದ ಕೊಟ್ಟ ಒಪ್ಪಿಗೆ, ಪಡೆದವರಿಗೆ ಅದು ಗೊತ್ತಿದ್ದಲ್ಲಿ, ಒಪ್ಪಿಗೆಯೇ ಅಲ್ಲ ಎನ್ನುತ್ತದೆ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿಕಿತ್ಸೆಯ ಸ್ವರೂಪ, ಪರ್ಯಾಯ, ಅಪಾಯ, ನಿರಾಕರಿಸಿದರೆ ಒದಗುವ ಪರಿಣಾಮ ಇವೆಲ್ಲವನ್ನೂ ತಿಳಿಸಿಯೇ ಸಮ್ಮತಿ ಪಡೆಯಬೇಕೆಂದಿತು. ಅದು ವಯಸ್ಕ ರೋಗಿಯ ಪ್ರಕರಣ, ನಿಜ. ಆದರೆ ತನ್ನ ಪರವಾಗಿ ತಾನೇ ಮಾತಾಡಲಾರದ ಕೂಸಿನ ವಿಷಯದಲ್ಲಿ ಆ ತತ್ವವನ್ನು ಸಡಿಲಿಸಲು ಕಾರಣವೇ ಇಲ್ಲ.

ತಿಳಿಸಬೇಕು, ಸರಿ, ಯಾವ ನುಡಿಯಲ್ಲಿ? ಮರಾಠಿಯ ಕಾನೂನುಭಾಷೆಯಲ್ಲಿ 'ಅಜ್ಞಾನ' ಎಂದರೆ ಅಪ್ರಾಪ್ತವಯಸ್ಕ. ಕನ್ನಡದ ಕಿವಿಗೆ ಅದು ತಿಳಿಗೇಡಿತನ. ಅಲ್ಲಿ 'ಭೂಲ' ಎಂದರೆ ಅರಿವಳಿಕೆ. ಹಿಂದಿ ಸಿನಿಮಾ ನೋಡಿದವರಿಗೆ ಅದು ತಪ್ಪು. ಇನ್ನು ನಮ್ಮ ನಿಘಂಟಿನ 'ಅರಿವಳಿಕೆ'ಯಾದರೂ ಸಂಖದ ಕುರಿಗಾರನಿಗೆ ಎಷ್ಟು ತಿಳಿದೀತು? 'ಎಚ್ಚರ ತಪ್ಪಿಸುವ ಸೂಜಿ' ಎಂದು ನೋಡಿ, ತಾಯಿ ಮರುಕ್ಷಣವೇ ಕೇಳುತ್ತಾಳೆ: "ಮತ್ತ ಎಚ್ಚರ ಯಾವಾಗ ಆಗತೈತ್ರಿ?" ಸಹಿಗಿಂತ ಮೊದಲು ಬರಬೇಕಾದದ್ದು ಆ ಪ್ರಶ್ನೆ.

ಪಾಲಕರನ್ನು ಕೇಳಲು ಸಮಯವೇ ಇಲ್ಲದ ತುರ್ತಿನಲ್ಲಿ ವೈದ್ಯರು ಕಾಯಬೇಕಾಗಿಲ್ಲ. 30ನೆಯ ಕಲಮು ಅದಕ್ಕೆಂದೇ ಇದೆ. ವಾರ ಮೊದಲೇ ದಿನ ಗೊತ್ತುಮಾಡಿದ ಹೃದಯದ ರಂಧ್ರದ ಶಸ್ತ್ರಚಿಕಿತ್ಸೆಗೆ ಆ ನೆಪ ಸಲ್ಲದು. ಕನ್ನಡ ಬಲ್ಲ ದಾದಿಯೊಬ್ಬರು ಬಾಯಿಮಾತಿನಲ್ಲಿ ವಿವರಿಸುವುದುಂಟು, ಅದು ದೊಡ್ಡ ಉಪಕಾರವೇ. ಆದರೆ ಆಕೆಯ ಪಾಳಿ ಮುಗಿದಿದ್ದರೆ?

ಅನುವಾದದ ಅಭ್ಯಾಸಕ್ಕೆ ಕಥೆ ಕವಿತೆಗಳನ್ನೇ ಆರಿಸಬೇಕೆಂದೇನೂ ಇಲ್ಲ. ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಈ ವರ್ಷ ಒಂದು ಸಮ್ಮತಿಪತ್ರವನ್ನು ಕೈಗೆತ್ತಿಕೊಳ್ಳಲಿ: ಎಡಕ್ಕೆ ಮರಾಠಿ, ಬಲಕ್ಕೆ ಜತ್ತ ಸೀಮೆಯ ಕನ್ನಡ. ಮೊದಲ ಕರಡನ್ನು ವೈದ್ಯರು ತಿದ್ದಲಿ. ಎರಡನೆಯದನ್ನು ಓದು ಬಾರದ ತಾಯಂದಿರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರು ತಡೆದು ಕೇಳಿದ ಪದಗಳನ್ನೆಲ್ಲ ಬದಲಿಸಬೇಕು.