ಬಯಲಿಗೂ ಒಂದು ಬಳಗ ಬೇಕು

ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಸರನ್ನು ಕೇಳದವರು ಈ ಕಾಲೇಜಿನಲ್ಲಿ ಇರಲಾರರು. ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ಅಲ್ಲಿ ಮನೆಗಳ ನಡುವಣ ಹುಣಿಸೆಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಅವನ್ನು ಭಾವಿಸುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ, ಬಲಿತ ಮೇಲೆ ಹಾರಬಿಡುವ ಸೇವೆಯನ್ನು ಊರ ಯುವಕರ ‘ಹೆಜ್ಜಾರ್ಲೆ ಬಳಗ’ವು ಕೈಗೊಂಡಿತು. 2007ರಲ್ಲಿ ಆ ಸ್ಥಳವು ಸಮುದಾಯ ಮೀಸಲು ಪ್ರದೇಶವೆನಿಸಿತು. ಊರವರ ಕಾವಲಾದರೋ ಅದಕ್ಕಿಂತ ಬಹಳ ಹಳೆಯದು.

ಆದರೆ ಮರದಲ್ಲಿ ಗೂಡು ಕಟ್ಟದ ಹಕ್ಕಿಗಳ ಗತಿಯೇನು? ಟಿಟ್ಟಿಭ, ಗೌಜಲಹಕ್ಕಿ, ನೆಲಗುಬ್ಬಿಗಳು ಬಯಲ ನೆಲದಲ್ಲಿಯೇ ಮೊಟ್ಟೆಯಿಡುತ್ತವೆ. ಕಳೆದ ಮುಂಗಾರಿನಲ್ಲಿ ನಾವು ಕೆಲವು ಗೆಳೆಯರು ಊರ ಗೋಮಾಳದಲ್ಲಿ ಸಸಿ ನೆಡಲು ಹೋಗಿದ್ದೆವು. ಟಿಟ್ಟಿಭವೊಂದು ತಲೆಯ ಮೇಲೆ ಸುತ್ತಿ ಸುತ್ತಿ ಕೂಗುತ್ತಿತ್ತು, ನಾವು ನಕ್ಕೆವು. ಕುರಿ ಕಾಯುತ್ತಿದ್ದ ಅಜ್ಜ ಬಂದು, “ಇದು ಹುಲ್ಲಿನ ನೆಲ ಕಣ್ ಮಗ, ಇಲ್ಯಾಕ್ ಮರ ನೆಡ್ತೀರಾ?” ಎಂದರು. ಉತ್ತರ ತೋಚದಿದ್ದರೂ ನೆಟ್ಟೆವು, ಛಾಯಾಚಿತ್ರ ತೆಗೆಸಿಕೊಳ್ಳಬೇಕಾಗಿತ್ತಲ್ಲ! ಮರುದಿನ ನೋಡಿದರೆ ನಾನು ತೋಡಿದ ಗುಂಡಿಯಿಂದ ಗೇಣು ದೂರದಲ್ಲಿ ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆಗಳು. ಅವುಗಳಲ್ಲಿ ಎರಡು ಕಾಲ್ತುಳಿತಕ್ಕೆ ಸಿಕ್ಕಿ ಒಡೆದಿದ್ದವು.

ಮರವಿಲ್ಲದ ನೆಲವೆಲ್ಲ ಪಾಳೆಂಬ ಭಾವನೆ ನಮ್ಮೊಬ್ಬರದೇ ಅಲ್ಲ. ರಾಣಿಬೆನ್ನೂರಿನ ಹುಲ್ಲುಗಾವಲಿನಲ್ಲಿ ಒಮ್ಮೆ ಎರೆಭೂತವೆಂಬ ಭಾರಿ ಹಕ್ಕಿಯಿತ್ತು. ಬಯಲಿನಲ್ಲಿ ನೀಲಗಿರಿ ತೋಪುಗಳೆದ್ದವು. 1974ರಲ್ಲಿ ಅದು ಅಭಯಾರಣ್ಯವಾಯಿತಾದರೂ ಆ ಹಕ್ಕಿ ಇಂದು ಅಲ್ಲಿಲ್ಲ. ಬೆಂಗಳೂರಿನ ಬಳಿಯ ಹೆಸರಘಟ್ಟದ ಭಾಗ್ಯ ಬೇರೆ: ಅಲ್ಲಿಯ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ರಾಜ್ಯ ಸಚಿವ ಸಂಪುಟವು 2024ರಲ್ಲಿ ಒಪ್ಪಿತು. ಹವ್ಯಾಸಿ ಪಕ್ಷಿವೀಕ್ಷಕರು ವರ್ಷಗಟ್ಟಲೆ ಅದಕ್ಕಾಗಿ ದನಿಯೆತ್ತಿದ್ದರು.

ಕಲಾ ವಿದ್ಯಾರ್ಥಿಗಳಿಗೆ ಪಕ್ಷಿಶಾಸ್ತ್ರವೇಕೆ ಎಂದು ಕೆಲವರು ಮೂಗು ಮುರಿಯಬಹುದು. ಹೆಜ್ಜಾರ್ಲೆ ಮರಿಗೆ ಮೀನು ತಿನ್ನಿಸಿದವರನ್ನು ಯಾವ ಪದವಿಯೆಂದು ಕೇಳಿದವರುಂಟೆ? ವಾರಕ್ಕೊಮ್ಮೆ ಒಂದೇ ಜಾಗದಲ್ಲಿ 15 ನಿಮಿಷ ನಿಂತು ಕಂಡದ್ದನ್ನೆಲ್ಲ ಎಣಿಸಿ ಬರೆದಿಡುವುದು ಯಾರಿಗೂ ಅಸಾಧ್ಯವಲ್ಲ. ಏನೂ ಕಾಣದ ದಿನವನ್ನೂ ಬರೆಯತಕ್ಕದ್ದು; ಸಂಶೋಧಕರಿಗೆ ಅದೂ ಬೇಕು. ಪ್ರತಿ ಫೆಬ್ರವರಿಯಲ್ಲಿ ಪ್ರಪಂಚದಾದ್ಯಂತ ನಾಲ್ಕು ದಿನ ಇಂಥದೇ ಹಕ್ಕಿ ಎಣಿಕೆ ನಡೆಯುತ್ತದೆ. ಮುಂದೆ ಗೋಮಾಳದಲ್ಲಿ ಹಬ್ಬುತ್ತಿರುವ ಲಂಟಾನವನ್ನೂ ಬಳ್ಳಾರಿ ಜಾಲಿಯನ್ನೂ ಕುರಿಗಾಹಿಗಳನ್ನು ಕೇಳಿಕೊಂಡು ಕೀಳಬಹುದು. ಹುಲ್ಲು ತಾನಾಗಿ ಬರುತ್ತದೆ.

ನಾವು ನೆಟ್ಟ ಸಸಿಗಳನ್ನು ಕಿತ್ತು ಶಾಲೆಯ ಬೇಲಿಯ ಪಕ್ಕ ನೆಡಲು ಈಗಾಗಲೇ ಇಬ್ಬರು ಗೆಳೆಯರು ಒಪ್ಪಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ. ಅಧ್ಯಾಪಕರು ಬಂದರೂ ಸಂತೋಷವೇ. ಹಾಜರಿ ಮಾತ್ರ ಹಕ್ಕಿಗಳದ್ದು.