ಗುಂಡು ಹಿಡಿ ತಿರುಗಿದಾಗ...

ದೆವ್ವದ ಸಿನಿಮಾ ನೋಡಿದ್ದೀರಲ್ಲ? ಮಧ್ಯರಾತ್ರಿ. ಹಳೇ ಬಂಗಲೆ. ನಾಯಕಿ ಒಬ್ಬಳೇ. ಕ್ಯಾಮೆರಾ ಮೆಲ್ಲಗೆ ಬಾಗಿಲ ಹತ್ತಿರ ಹೋಗುತ್ತೆ. ಹಿತ್ತಾಳೆಯ ಗುಂಡು ಹಿಡಿ ತಾನಾಗೇ ತಿರುಗುತ್ತೆ... ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೆ ಎಲ್ಲರ ಉಸಿರೂ ಬಂದ್!

ಬಾಗಿಲ ಸಾಮಾನಿಗೆ ಸಿನಿಮಾದಲ್ಲಿರೋ ಮರ್ಯಾದೆ ಸಾಮಾನ್ಯದ್ದಲ್ಲ. 1993ರ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್' ಅಂದ್ರೆ ಚಿತ್ತಾರದ ಬೀಗ ಅಂತಲೇ ಅರ್ಥ. ಅದೇ ಕತೆ 2004ರಲ್ಲಿ ಕನ್ನಡಕ್ಕೆ 'ಆಪ್ತಮಿತ್ರ' ಆಗಿ ಬಂತು. ಬೀಗ ಹಾಕಿದ ಆ ಕೋಣೆಯನ್ನು ಮರೆತವರುಂಟೇ?

ಇರಲಿ. ಈಗ ಅಂಥದ್ದೇ ಹಿಡಿ ಬಿಚ್ಚೋಕೆ ಹೋದ ಈ ಬಡಪಾಯಿಯ ಕತೆ ಕೇಳಿ.

ಬೆಂಗಳೂರಿನ ಹಳೇ ಬಂಗಲೆಯೊಂದಕ್ಕೆ ಶೂಟಿಂಗ್ ವರದಿಗೆ ಹೋಗಿದ್ದೆ. ನಮ್ಮ ಹಳ್ಳಿ ಮನೆಗಳಲ್ಲಿ ಚಿಲಕ, ಅಗುಳಿ ಇರ್ತಾವೆ. ಇಲ್ಲಿ ಇಂಗ್ಲಿಷ್ ಗತ್ತು. ಏಳು ಬಾಗಿಲು, ಒಳಗೊಂದು ಹೊರಗೊಂದು ಅಂತ ಹದಿನಾಲ್ಕು ಹಿತ್ತಾಳೆ ಹಿಡಿ. ಶೂಟಿಂಗ್ ಮುಗಿದ ಮೇಲೆ ಮನೆ ನೆಲಸಮ. ಗುಜರಿಯವನು ಆಗಲೇ ಕಿಲೋ ಲೆಕ್ಕದಲ್ಲಿ ರೇಟು ಹೇಳಿ ಹೋಗಿದ್ದ. ಮನೆಯೊಡತಿ ಅಜ್ಜಿಗೆ ಅದು ಬೇಡ. ಹಿಡಿಗಳನ್ನು ಮೂವರು ಮಕ್ಕಳಿಗೆ ಹಂಚಬೇಕಂತೆ. ಯೂನಿಟ್ಟಿನ ಹುಡುಗನೊಬ್ಬ ಸಹಾಯ ಮಾಡ್ತೀನಂತ ಹೋಗಿ ಒಂದು ಸ್ಕ್ರೂವಿನ ಗೀರನ್ನೇ ಸವೆಸಿಟ್ಟಿದ್ದ.

"ನೀನು ಓದಿದವನ ಹಂಗೆ ಕಾಣ್ತೀಯ, ಬಿಚ್ಚಿಕೊಡಪ್ಪಾ" ಅಂದರು. ಪಿಯುಸಿಗೇ ಶರಣು ಹೊಡೆದವನು ನಾನು, ಬಾಯಿ ಬಿಡಲಿಲ್ಲ!

ಗುಟ್ಟೆಲ್ಲ ಹಿಡಿಯ ಕತ್ತಿನಲ್ಲಿದೆ ಕಣ್ರೀ. ಎರಡು ಹಿಡಿಗಳ ನಡುವೆ ಬಾಗಿಲನ್ನು ತೂರಿಕೊಂಡು ಒಂದು ಚೌಕ ಸರಳು ಹೋಗಿರುತ್ತೆ. ಒಂದು ಹಿಡಿ ಸರಳಿಗೆ ಕಚ್ಚಿಕೊಂಡೇ ಇರುತ್ತೆ. ಇನ್ನೊಂದನ್ನು ಹಿಡಿದಿರೋದು ಕತ್ತಿನ ಹತ್ತಿರದ ಇರುವೆ ಗಾತ್ರದ ಸ್ಕ್ರೂ. ನಾಲ್ಕಾರು ಸಲ ಬಣ್ಣ ಹೊಡೆದು ಅದು ಕಾಣೋದೇ ಇಲ್ಲ. ಬ್ಲೇಡಿನ ತುದಿಯಿಂದ ಗೀರಿನ ಬಣ್ಣ ತೆಗೀಬೇಕು, ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಬೇಕು. ಗೀರಿಗೆ ಪೂರ್ತಿ ಕೂರುವ ಸ್ಕ್ರೂಡ್ರೈವರ್ರೇ ಆಗಬೇಕು. ಸಣ್ಣದು ಹಾಕಿ ಜೋರು ಮಾಡಿದರೆ ಗೀರು ಸವೆದು ಕತೆ ಮುಗೀತು. ಹಿಂದಿನ ಬಿಲ್ಲೆಯ ಸುತ್ತಲೂ ಬ್ಲೇಡು ಆಡಿಸಿ ಬಣ್ಣ ಕತ್ತರಿಸದಿದ್ದರೆ ಮರದ ಸಿಬಿರೂ ಎದ್ದು ಬರುತ್ತೆ. ಆ ಹಳೇ ಬಣ್ಣವನ್ನು ಮಾತ್ರ ಒಣಗಿದ್ದ ಹಾಗೇ ಉಜ್ಜಿ ಧೂಳೆಬ್ಬಿಸಬೇಡಿ, ಅದರಲ್ಲಿ ಸೀಸ ಇರಬಹುದು. ಮನೆಗೆ ಬಳಿಯೋ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ಕಾನೂನು ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರಲ್ಲಿ.

ಮೊದಲ ದಿನ ಎಣ್ಣೆ ಬಿಟ್ಟು ಬಂದೆ. ಮರುದಿನ ಮೊದಲ ಸ್ಕ್ರೂ ಸಲೀಸಾಗಿ ಬಂತು. ಒಳಗಡೆಯ ಹಿಡಿ ನನ್ನ ಕೈಗೆ. ಆಹಾ, ನಾನೇ ಹೀರೋ! ಅಷ್ಟರಲ್ಲಿ ಹೊರಗಿನ ಹಿಡಿ ಸರಳಿನ ಸಮೇತ ಆ ಕಡೆ ಠಣ್ಣಂತ ಬಿತ್ತು. ಗಾಳಿ ಬೀಸಿತು. ಬಾಗಿಲು ಧಡಾರ್! ನಾನು ಒಳಗೆ. ಲಾಕಿನ ನಾಲಿಗೆ ಚೌಕಟ್ಟಿಗೆ ಕೂತಿದೆ, ತಿರುಗಿಸೋಕೆ ಹಿಡಿಯೇ ಇಲ್ಲ. ಕಿಟಕಿಗೆ ಕಬ್ಬಿಣದ ಸರಳು.

ಆಚೆಯಿಂದ ಅಜ್ಜಿ ನಗೋದು ಕೇಳಿಸಿತು. "ಬಿದ್ದಿದ್ದನ್ನ ಎತ್ತಿಕೊಡೋಕೆ ನಂಗೆ ಬಗ್ಗೋಕಾಗಲ್ಲಪ್ಪ. ನಿನ್ನ ಕೈಲಿರೋ ಸ್ಕ್ರೂಡ್ರೈವರನ್ನೇ ಆ ಚೌಕ ತೂತಿಗೆ ಹಾಕಿ ತಿರುಗಿಸು. ನಮ್ಮ ಯಜಮಾನ್ರೂ ಹೀಗೇ ಸಿಕ್ಕಿಹಾಕ್ಕೊಂಡಿದ್ರು."

ತಿರುಗಿಸಿದೆ. ಕ್ಲಿಕ್! ನೀವು ಬಿಚ್ಚೋದಾದರೆ ಮೊದಲು ಬಾಗಿಲಿಗೆ ಒಂದು ಇಟ್ಟಿಗೆ ಅಡ್ಡ ಇಡಿ ಸ್ವಾಮೀ.

ಆಮೇಲೆ ಪ್ರತಿ ಜೋಡಿಯನ್ನೂ ಅದರ ಸರಳು, ಸ್ಕ್ರೂ ಸಮೇತ ಬೇರೆ ಬೇರೆ ಚೀಲಕ್ಕೆ ಹಾಕಿ, ಯಾವ ಬಾಗಿಲಿನದು ಅಂತ ಬರೆದೆ. ಒಂದರ ಸ್ಕ್ರೂ ಇನ್ನೊಂದಕ್ಕೆ ಕೂರೋ ಗ್ಯಾರಂಟಿ ಇಲ್ಲ. ಅಯಸ್ಕಾಂತ ಹಿಡಿದೂ ನೋಡಿದೆ. ಹಿಡಿಗೆ ಅಂಟಲಿಲ್ಲ, ಅಂದ್ರೆ ಒಳಗೆ ಕಬ್ಬಿಣವಿಟ್ಟು ಮೇಲೆ ಬಳಿದದ್ದಲ್ಲ. ಹುಣಸೆಹಣ್ಣು ಹಾಕಿ ಫಳಫಳ ಮಾಡಲಾ ಅಂದೆ.

"ಬೇಡ. ಕೈ ಹಿಡಿದು ಹಿಡಿದು ಸವೆದ ಜಾಗ ಅದು. ಹಾಗೇ ಇರಲಿ" ಅಂದರು ಅಜ್ಜಿ.

ಹನ್ನೆರಡು ಹಿಡಿ ಚೀಲಕ್ಕೆ ಸೇರಿದವು. ಗೀರು ಸವೆದಿದ್ದ ಆ ಪುಣ್ಯಾತ್ಮ ಸ್ಕ್ರೂಗೇ ಅರ್ಧ ದಿನ ಹಿಡಿಯಿತು. ಉಳಿದದ್ದು ಅಜ್ಜಿ ಮಲಗುವ ಕೋಣೆಯದು. ಸ್ಕ್ರೂಡ್ರೈವರ್ ಇಟ್ಟೆ, ಕೈ ಅಡ್ಡ ಹಿಡಿದರು.

"ಇನ್ನೂ ಎರಡು ರಾತ್ರಿ ನಾನಿಲ್ಲಿ ಮಲಗಬೇಕಲ್ಲಪ್ಪ. ಭಾನುವಾರ ಬಾ."

ಆ ಸ್ಕ್ರೂಗೆ ಎಣ್ಣೆ ಬಿಟ್ಟು ಬಂದಿದ್ದೇನೆ.