ವ್ರತ ಮುರಿದ ಭಿಕ್ಷು ಸುದ್ದಿಯಾಗುತ್ತಾನೆ, ಮುಚ್ಚಿಟ್ಟವರು ಪಾರಾಗುತ್ತಾರೆ

2025ರ ಜುಲೈನಲ್ಲಿ ಥಾಯ್ಲೆಂಡ್ ಪೊಲೀಸರು ಒಬ್ಬ ಮಹಿಳೆಯನ್ನು ಬಂಧಿಸಿದರು. ಹಿರಿಯ ಬೌದ್ಧ ಭಿಕ್ಷುಗಳ ಜೊತೆ ಲೈಂಗಿಕ ಸಂಬಂಧ ಬೆಳೆಸಿ, ಆಮೇಲೆ ಬ್ಲ್ಯಾಕ್‌ಮೇಲ್ ಮಾಡಿ ಹಣ ಕೀಳುತ್ತಿದ್ದಳು ಅನ್ನುವುದು ಆರೋಪ. ಮೂರು ವರ್ಷದಲ್ಲಿ ಆಕೆಗೆ ಸಂದದ್ದು ಸುಮಾರು 38.5 ಕೋಟಿ ಬಾತ್, ಆಕೆಯ ಬಳಿ ಸಿಕ್ಕ ಫೋಟೋ, ವಿಡಿಯೋಗಳು 80,000ಕ್ಕೂ ಹೆಚ್ಚು ಎಂದು ಪೊಲೀಸರು ಹೇಳಿದರು. ಹಲವು ವಿಹಾರಗಳ ಮುಖ್ಯಸ್ಥರು ಚೀವರ ಕಳಚಬೇಕಾಯಿತು. ಅದೇ ತಿಂಗಳ ಕೊನೆಗೆ ಚೀನಾದ ಶಾವೊಲಿನ್ ವಿಹಾರದ ಮುಖ್ಯಸ್ಥ ಶಿ ಯೊಂಗ್‌ಶಿನ್ ಮೇಲೆ ಹಣ ದುರುಪಯೋಗ ಮತ್ತು ಹಲವು ಮಹಿಳೆಯರ ಜೊತೆ ಸಂಬಂಧದ ಆರೋಪದಡಿ ತನಿಖೆ ಶುರುವಾಯಿತು. ಚೀನಾದ ಬೌದ್ಧ ಸಂಘಟನೆ ಅವರ ದೀಕ್ಷಾ ಪ್ರಮಾಣಪತ್ರವನ್ನೇ ರದ್ದು ಮಾಡಿತು.

ಸೋಷಿಯಲ್ ಮೀಡಿಯಾಕ್ಕೆ ಇದಕ್ಕಿಂತ ಹಬ್ಬ ಬೇಕಾ? ಬಂಧಿತ ಮಹಿಳೆಯ ಮುಖ ಎಲ್ಲ ಕಡೆ ಓಡಾಡಿತು. ನಮ್ಮಲ್ಲೂ ಮೀಮ್‌ಗಳು ಬಂದವು. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಬ್ರಹ್ಮಚರ್ಯ ಪಾಲಿಸಲಾಗದವರು ಭಿಕ್ಷು ಯಾಕಾಗಬೇಕು?

ಕೇಳಬೇಕಾದ ಪ್ರಶ್ನೆಯೇ, ಆದರೆ ಸಣ್ಣ ಪ್ರಶ್ನೆ. ಒಬ್ಬ ಮನುಷ್ಯ ತನ್ನ ವ್ರತ ಮುರಿಯುವುದು ಅವನ ವೈಯಕ್ತಿಕ ಸೋಲು. ಅದೇ ಸೋಲು ವರ್ಷಗಟ್ಟಲೆ, ಹತ್ತಾರು ಜನರ ಕಣ್ಣೆದುರೇ, ಭಕ್ತರ ದುಡ್ಡಿನಲ್ಲಿ ನಡೆದರೆ ಅಲ್ಲಿ ಕೆಟ್ಟಿರುವುದು ಬರೀ ಒಬ್ಬ ಮನುಷ್ಯನಲ್ಲ, ಇಡೀ ವ್ಯವಸ್ಥೆ. ಬೌದ್ಧರ ಮಟ್ಟಿಗೆ ಇದು ಇನ್ನೂ ಗಂಭೀರ. ಯಾಕೆಂದರೆ ಇದನ್ನು ತಡೆಯಲು ಅವರ ಬಳಿ ಬಹಳ ಹಳೆಯ, ಬಹಳ ಚೆನ್ನಾಗಿ ಯೋಚಿಸಿದ ನಿಯಮಾವಳಿಯೇ ಇದೆ.

ವಿನಯ ಏನು ಹೇಳುತ್ತದೆ?

ಥೇರವಾದ ಪರಂಪರೆಯ ಭಿಕ್ಷುವಿಗೆ 227 ನಿಯಮಗಳು. ಮೊದಲ ನಾಲ್ಕು ಪಾರಾಜಿಕಗಳು: ಲೈಂಗಿಕ ಸಂಪರ್ಕ, ಕಳ್ಳತನ, ಮನುಷ್ಯಹತ್ಯೆ, ಇಲ್ಲದ ಆಧ್ಯಾತ್ಮಿಕ ಸಿದ್ಧಿ ಇದೆ ಅಂತ ಸುಳ್ಳು ಹೇಳುವುದು. ಇವುಗಳಲ್ಲಿ ಯಾವುದನ್ನು ಮಾಡಿದರೂ ಆತ ಆ ಕ್ಷಣದಿಂದ ಭಿಕ್ಷು ಅಲ್ಲ. ಇಷ್ಟು ಬಹಳ ಜನಕ್ಕೆ ಗೊತ್ತು. ಅದರ ಮುಂದಿನದು ಹೆಚ್ಚು ಕುತೂಹಲಕಾರಿ.

ಪಾರಾಜಿಕದ ನಂತರದ ಗಂಭೀರ ಅಪರಾಧಗಳ ಗುಂಪು ಸಂಘಾದಿಸೇಸ. ಅದರ ನಾಲ್ಕನೇ ನಿಯಮ ಓದಿದರೆ ಇವತ್ತಿನ ಎಫ್‌ಐಆರ್ ಓದಿದಂತಾಗುತ್ತದೆ. ‘ನನ್ನಂಥ ಶೀಲವಂತನ ಕಾಮನೆ ತೀರಿಸುವುದೇ ಅತ್ಯುನ್ನತ ಸೇವೆ’ ಎಂಬ ಧಾಟಿಯಲ್ಲಿ ಭಿಕ್ಷು ಹೆಣ್ಣಿಗೆ ಹೇಳಿದರೆ ಅದು ಅಪರಾಧ. ಮುಟ್ಟುವುದು ಬೇಕಿಲ್ಲ, ಆ ಮಾತು ಆಡಿದರೆ ಸಾಕು. ಸೇವೆಯ ಹೆಸರಿನಲ್ಲಿ ಗುರು ಏನೇನು ಕೇಳಬಹುದು ಅನ್ನುವುದು ಈ ನಿಯಮ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನೂ ಎರಡು ನಿಯಮಗಳಿವೆ, ಅನಿಯತ ಅಂತ. ಭಿಕ್ಷು ಹೆಣ್ಣಿನ ಜೊತೆ ಏಕಾಂತದಲ್ಲಿ ಕೂತದ್ದನ್ನು ನಂಬಲರ್ಹಳಾದ ಉಪಾಸಿಕೆಯೊಬ್ಬಳು ನೋಡಿ ದೂರಿದರೆ, ಸಂಘ ಅದನ್ನು ವಿಚಾರಿಸಲೇಬೇಕು. ಅಂದರೆ ಗೃಹಸ್ಥ ಹೆಣ್ಣೊಬ್ಬಳ ಮಾತಿನಿಂದ ಭಿಕ್ಷುವಿನ ವಿಚಾರಣೆ ಶುರುವಾಗಬಹುದು. ಮೊದಲು ಹೀಗೆ ದೂರಿದವಳು ವಿಶಾಖೆ, ದೂರಿಗೆ ಒಳಗಾದವನು ಉದಾಯಿ ಎಂಬ ಭಿಕ್ಷು. ಅವನ ಹೆಸರನ್ನಾಗಲೀ ಕೃತ್ಯವನ್ನಾಗಲೀ ಯಾರೂ ಅಳಿಸಲಿಲ್ಲ. ‘ಸಂಘದ ಮರ್ಯಾದೆ ಹೋಗುತ್ತೆ’ ಅಂತ ಮುಚ್ಚಿಡಲೂ ಇಲ್ಲ. ಶತಮಾನಗಳಿಂದ ಭಿಕ್ಷುಗಳು ಅದನ್ನು ಓದುತ್ತಾ ಬಂದಿದ್ದಾರೆ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದು: ಮತ್ತೊಬ್ಬ ಭಿಕ್ಷುವಿನ ಗಂಭೀರ ಅಪರಾಧ ಗೊತ್ತಿದ್ದೂ ಮುಚ್ಚಿಟ್ಟರೆ, ಮುಚ್ಚಿಟ್ಟವನದ್ದೂ ಅಪರಾಧ. ಹುಣ್ಣಿಮೆ, ಅಮಾವಾಸ್ಯೆಗಳಂದು ಸಂಘ ಒಟ್ಟಾಗಿ ಕೂತು ಈ ನಿಯಮಗಳನ್ನೆಲ್ಲ ಪಠಿಸಬೇಕು. ಪ್ರತಿ ಭಾಗದ ಕೊನೆಗೆ ‘ನೀವು ಪರಿಶುದ್ಧರಾಗಿದ್ದೀರಾ?’ ಎಂದು ಮೂರು ಸಲ ಕೇಳಬೇಕು. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳುವುದಾದರೆ ಹದಿನೈದು ದಿನಕ್ಕೊಮ್ಮೆ ನಡೆಯುವ ಸಿಸ್ಟಮ್ ಚೆಕ್ ಇದು.

ಎಲ್ಲಿ ಕೆಟ್ಟಿತು?

ಥಾಯ್ಲೆಂಡ್ ಪ್ರಕರಣಕ್ಕೆ ವಾಪಸ್ ಬರೋಣ. ಭಿಕ್ಷು ಚಿನ್ನ, ಬೆಳ್ಳಿ ಅಂದರೆ ಹಣ ಮುಟ್ಟಬಾರದು ಅನ್ನುವುದೂ ವಿನಯದ ನಿಯಮವೇ. ಹಾಗಿದ್ದರೆ ಅಷ್ಟೊಂದು ಹಣ ಭಿಕ್ಷುಗಳ ಕೈಯಿಂದ ಹೇಗೆ ಹೋಯಿತು? ಪೊಲೀಸರ ಪ್ರಕಾರ ಅದರಲ್ಲಿ ವಿಹಾರದ ಖಾತೆಯ ದುಡ್ಡೂ ಇತ್ತು. ಅದೇ ವರ್ಷ ಮೇ ತಿಂಗಳಲ್ಲಿ ವಾಟ್ ರಾಯ್ ಖಿಂಗ್ ವಿಹಾರದ ಮುಖ್ಯಸ್ಥ 30 ಕೋಟಿ ಬಾತ್‌ಗೂ ಹೆಚ್ಚು ಹಣ ದುರುಪಯೋಗದ ಆರೋಪದಲ್ಲಿ ಬಂಧನವಾಗಿದ್ದರು. ಅಲ್ಲಿ ವಿಹಾರದ ಹಣದ ಮೇಲೆ ಮುಖ್ಯಸ್ಥನಿಗಿರುವ ಹಿಡಿತ ದೊಡ್ಡದು, ಲೆಕ್ಕ ಕೇಳುವವರು ಕಡಿಮೆ. ಮಲಗುವ ಕೋಣೆಯ ಸುದ್ದಿ ಹೆಡ್‌ಲೈನ್ ಆಯಿತು, ಖಾತೆ ಪುಸ್ತಕದ್ದು ಒಳಪುಟಕ್ಕೆ ಹೋಯಿತು. ಇನ್ನೊಂದು ಮಾತು: ಭಿಕ್ಷುಣಿ ದೀಕ್ಷೆ ಕೊಡಬಾರದೆಂಬ 1928ರ ಆದೇಶದ ನೆರಳು ಥಾಯ್ ಸಂಘದ ಮೇಲೆ ಇನ್ನೂ ಇದೆ. ಹೆಣ್ಣೊಬ್ಬಳು ದೂರು ತಂದರೆ ಕೇಳಿಸಿಕೊಳ್ಳಲು ಒಳಗೆ ಇನ್ನೊಬ್ಬ ಹೆಣ್ಣು ಇಲ್ಲ.

ಚೀನಾದ ಲೊಂಗ್‌ಕ್ವಾನ್ ವಿಹಾರದ ಕಥೆ ನೋಡಿ. 2018ರಲ್ಲಿ ಅದರ ಮುಖ್ಯಸ್ಥ ಶುಯೆಚೆಂಗ್ ದೇಶದ ಬೌದ್ಧ ಸಂಘಟನೆಗೇ ಅಧ್ಯಕ್ಷ. ಅದೇ ವಿಹಾರದಲ್ಲಿ ಭಿಕ್ಷುಗಳಾಗಿದ್ದ ಇಬ್ಬರು 95 ಪುಟಗಳ ವರದಿ ಬರೆದರು. ಮುಖ್ಯಸ್ಥ ಭಿಕ್ಷುಣಿಯರಿಗೆ ಲೈಂಗಿಕ ಸಂದೇಶ ಕಳಿಸುತ್ತಿದ್ದಾರೆ, ಅದನ್ನು ಸಾಧನೆಯ ಭಾಗ ಅಂತ ನಂಬಿಸುತ್ತಿದ್ದಾರೆ ಎಂಬುದು ಅದರ ಆರೋಪ. ನಾಲ್ಕನೇ ಸಂಘಾದಿಸೇಸ ಈಗ ಮೊಬೈಲ್‌ಗೆ ಬಂದಿತ್ತು, ಅಷ್ಟೇ. ಆರೋಪ ಬಯಲಾದ ಮೇಲೆ ಶುಯೆಚೆಂಗ್ ಅಧ್ಯಕ್ಷ ಸ್ಥಾನ ಬಿಡಬೇಕಾಯಿತು. ಆ ಇಬ್ಬರು ಮಾಡಿದ್ದು ಸಂಘದ್ರೋಹ ಅಂದವರೂ ಇದ್ದರು. ನಿಯಮದ ಪ್ರಕಾರ ನೋಡಿದರೆ ವಿನಯ ಪಾಲಿಸಿದವರು ಅವರೇ.

ವ್ರತವೇ ಇಲ್ಲದ ಗುರು

ಇದಕ್ಕಿಂತ ಜಟಿಲ ಪ್ರಕರಣ ಸೋಗ್ಯಾಲ್ ರಿಂಪೋಚೆಯದ್ದು. ‘ದಿ ಟಿಬೆಟನ್ ಬುಕ್ ಆಫ್ ಲಿವಿಂಗ್ ಅಂಡ್ ಡೈಯಿಂಗ್’ ಪುಸ್ತಕದಿಂದ 1992ರ ಹೊತ್ತಿಗೇ ಜಗತ್ಪ್ರಸಿದ್ಧರಾದವರು. ಅವರು ಭಿಕ್ಷು ಆಗಿರಲಿಲ್ಲ, ಬ್ರಹ್ಮಚರ್ಯದ ವ್ರತವೂ ಇರಲಿಲ್ಲ. 1994ರಲ್ಲೇ ಅಮೆರಿಕದಲ್ಲಿ ಒಬ್ಬ ಮಹಿಳೆ ಮೊಕದ್ದಮೆ ಹೂಡಿದ್ದರು, ಅದು ಕೋರ್ಟಿನ ಹೊರಗೆ ಇತ್ಯರ್ಥವಾಯಿತು. ಮುಂದೆ 23 ವರ್ಷ ಎಲ್ಲ ಹಾಗೇ ನಡೆಯಿತು. 2017ರ ಜುಲೈನಲ್ಲಿ ಎಂಟು ಹಿರಿಯ ಶಿಷ್ಯರು ಪತ್ರ ಬರೆದು ಹೊಡೆತ, ಲೈಂಗಿಕ ಶೋಷಣೆ, ಐಷಾರಾಮಿ ಬದುಕಿನ ಬಗ್ಗೆ ಬಾಯಿ ಬಿಟ್ಟರು. ಅವರ ಸಂಸ್ಥೆ ರಿಗ್ಪಾ ನೇಮಿಸಿದ ವಕೀಲರ ತನಿಖೆ 2018ರಲ್ಲಿ ಆರೋಪಗಳಲ್ಲಿ ಹೆಚ್ಚಿನವನ್ನು ಎತ್ತಿಹಿಡಿಯಿತು. ಹಿರಿಯರಲ್ಲಿ ಕೆಲವರಿಗೆ ವಿಷಯ ಗೊತ್ತಿದ್ದೂ ಏನೂ ಮಾಡಲಿಲ್ಲ ಎಂದೂ ಹೇಳಿತು. ಸೋಗ್ಯಾಲ್ ಯಾವ ಕೋರ್ಟಿನಲ್ಲೂ ಶಿಕ್ಷೆಯಾಗದೆ 2019ರಲ್ಲಿ ತೀರಿಕೊಂಡರು.

ಇಲ್ಲಿ ಗುರುವಿಗೆ ವ್ರತವಿರಲಿಲ್ಲ, ಶಿಷ್ಯರಿಗಿತ್ತು. ವಜ್ರಯಾನದಲ್ಲಿ ದೀಕ್ಷೆ ಪಡೆದ ಶಿಷ್ಯ ಗುರುವಿಗೆ ಬದ್ಧ, ಅದಕ್ಕೆ ಸಮಯ ಅನ್ನುತ್ತಾರೆ. ಗುರುವಿನಲ್ಲಿ ದೋಷ ಕಂಡರೆ ಅದು ನಿನ್ನ ದೃಷ್ಟಿಯ ದೋಷ ಅಂತ ಹೇಳಿಕೊಡಲಾಗುತ್ತದೆ. ಏಟು ತಿಂದವರು ‘ಇದು ಬೋಧನೆಯೇ ಇರಬೇಕು’ ಅಂದುಕೊಂಡದ್ದು ಹೀಗೆ.

ಈ ಬಗ್ಗೆ ಆ ಪರಂಪರೆಯ ಒಳಗೇ ಜಗಳವಿದೆ, ಅದನ್ನು ಒಪ್ಪಿಕೊಳ್ಳಬೇಕು. ಜೊಂಗ್ಸರ್ ಖ್ಯೆಂತ್ಸೆ ರಿಂಪೋಚೆ 2017ರಲ್ಲಿ ದೀರ್ಘ ಲೇಖನ ಬರೆದರು. ದೀಕ್ಷೆಗೆ ಮೊದಲು ಗುರುವನ್ನು ಚೆನ್ನಾಗಿ ಪರೀಕ್ಷಿಸಿ, ತಿಳಿದು ಒಪ್ಪಿದ ಮೇಲೆ ಟೀಕಿಸುವಂತಿಲ್ಲ ಅನ್ನುವುದು ಅವರ ವಾದದ ಸಾರ. ಕೇಳಲು ಸರಿ ಅನಿಸುತ್ತದೆ. ಆದರೆ ಹೊಸದಾಗಿ ಬಂದವರು ಪರೀಕ್ಷಿಸುವುದು ಹೇಗೆ, ಒಳಗಿರುವವರ ಬಾಯಿಗೆ ಬೀಗ ಹಾಕಿದ್ದರೆ? ಈ ವಾದ ಕಾಲು ಜಾರುವುದು ಇಲ್ಲೇ. ಮಿಂಗ್ಯುರ್ ರಿಂಪೋಚೆ ಬೇರೆ ನಿಲುವು ತಳೆದರು. ಶೋಷಣೆ ನಡೆದಿದ್ದರೆ ಅದನ್ನು ಹೊರಗೆಡಹಲೇಬೇಕು ಎಂದರು. ದಲೈ ಲಾಮಾ ಅವರಂತೂ 2017ರ ಆಗಸ್ಟ್‌ನಲ್ಲಿ ಲಡಾಖ್‌ನಲ್ಲಿ ಸೋಗ್ಯಾಲ್ ಹೆಸರು ಹೇಳಿಯೇ ಮಾತಾಡಿದರು. ಆದರೆ ಇಂಥ ವಿಷಯ ತಮಗೆ 1990ರ ದಶಕದಿಂದಲೇ ಗೊತ್ತಿತ್ತು ಎಂದು ಅವರೇ 2018ರಲ್ಲಿ ಡಚ್ ಟಿವಿಗೆ ಹೇಳಿದರು. 1993ರಲ್ಲಿ ಧರ್ಮಶಾಲಾದಲ್ಲಿ ಅವರೆದುರೇ ಸೇರಿದ್ದ ಪಾಶ್ಚಾತ್ಯ ಬೌದ್ಧ ಗುರುಗಳು, ತಿದ್ದಿಕೊಳ್ಳದ ಗುರುವಿನ ನಡತೆಯನ್ನು ಬಹಿರಂಗಪಡಿಸಬೇಕು ಎಂದು ಪತ್ರ ಹೊರಡಿಸಿದ್ದರು. ಗೊತ್ತಿತ್ತು, ಹೇಳಿಯೂ ಆಗಿತ್ತು. ಆದರೆ ದೂರು ಎಲ್ಲಿ ಕೊಡಬೇಕು, ಯಾರು ವಿಚಾರಿಸಬೇಕು ಅನ್ನುವುದು ಮಾತ್ರ ಪತ್ರದಲ್ಲೇ ಉಳಿಯಿತು.

ನಮಗೇನು ಸಂಬಂಧ?

ಸಂಬಂಧ ಇದೆ. ಭಾರತದಲ್ಲಿ ಟಿಬೆಟನ್ನರ ಅತಿ ದೊಡ್ಡ ವಿಹಾರಗಳಾದ ಸೆರಾ, ಡ್ರೆಪುಂಗ್, ಗಾಂದೆನ್ ಮರುಹುಟ್ಟು ಪಡೆದದ್ದು ಕರ್ನಾಟಕದ ಬೈಲಕುಪ್ಪೆ ಮತ್ತು ಮುಂಡಗೋಡಿನಲ್ಲಿ. ವೀಕೆಂಡಿಗೆ ನಾವು ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಮುಂದೆ ಸೆಲ್ಫಿ ತೆಗೆದುಕೊಂಡು ಬರುತ್ತೇವೆ. ಒಳಗೆ ಓದುವವರು ವಿನಯವನ್ನು ವರ್ಷಗಟ್ಟಲೆ ಓದುತ್ತಾರೆ. ಅದನ್ನು ಓದಿ ಪಾಸಾದ 20 ಭಿಕ್ಷುಣಿಯರು 2016ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಗೆಶೆಮಾ ಪದವಿ ಪಡೆದದ್ದು ಇದೇ ಮುಂಡಗೋಡಿನಲ್ಲಿ. ದೂರು ವಿಚಾರಿಸುವ ಸಮಿತಿಗಳಲ್ಲಿ ಇಂಥವರು ಕೂರಬಾರದು ಅನ್ನಲು ಯಾವ ಕಾರಣವಿದೆ?

‘ಸನ್ಯಾಸಿಗಳ ವಿಷಯ ಸನ್ಯಾಸಿಗಳಿಗೆ ಬಿಡಿ’ ಅನ್ನುವ ಮಾತು ನಮ್ಮ ಮಠಗಳ ಸುತ್ತಲೂ ಕೇಳಿಬರುತ್ತೆ. ಬೌದ್ಧ ಪರಂಪರೆಯಲ್ಲಂತೂ ಅದಕ್ಕೆ ಆಧಾರವಿಲ್ಲ. ಕೋಸಂಬಿಯ ಭಿಕ್ಷುಗಳು ಕಿತ್ತಾಡಿಕೊಂಡು ಬುದ್ಧನ ಮಾತೂ ಕೇಳದಿದ್ದಾಗ ದಾರಿಗೆ ತಂದವರು ಆ ಊರಿನ ಗೃಹಸ್ಥರು. ಅವರು ಮಾಡಿದ್ದು ಸರಳ: ನಮಸ್ಕಾರ ನಿಲ್ಲಿಸಿದರು, ಭಿಕ್ಷೆ ನಿಲ್ಲಿಸಿದರು. ಇನ್ನು ವೀಮಂಸಕ ಸುತ್ತದಲ್ಲಿ ಬುದ್ಧ ತನ್ನನ್ನೇ ಪರೀಕ್ಷಿಸಿ ಅನ್ನುತ್ತಾನೆ. ಬುದ್ಧನಿಗಿಲ್ಲದ ವಿನಾಯಿತಿ ಗುರುಗಳಿಗೆ ಎಲ್ಲಿಂದ ಬಂತು?

ಹಾಗಾಗಿ ಮುಂದಿನ ಸಲ ಇಂಥ ಸುದ್ದಿ ಬಂದಾಗ (ಬರುತ್ತೆ, ಅನುಮಾನ ಬೇಡ) ಭಿಕ್ಷು ಯಾರ ಜೊತೆ ಇದ್ದ ಅನ್ನುವುದರ ಜೊತೆಗೆ ಮೂರು ಪ್ರಶ್ನೆ ಕೇಳಿ. ಹಣದ ಲೆಕ್ಕ ಯಾರ ಕೈಲಿತ್ತು? ಮೊದಲ ದೂರು ಬಂದದ್ದು ಯಾವಾಗ? ಆ ದೂರನ್ನು ಮುಚ್ಚಿಟ್ಟವರು ಈಗ ಯಾವ ಹುದ್ದೆಯಲ್ಲಿದ್ದಾರೆ? ದಾನ ಕೊಡುವವರು ಈ ಮೂರಕ್ಕೂ ಉತ್ತರ ಸಿಗುವ ತನಕ ಕೈ ಬಿಗಿ ಹಿಡಿದರೆ ಅದು ಧರ್ಮದ್ರೋಹವೇನಲ್ಲ. ಕೋಸಂಬಿಯವರು ಮಾಡಿದ್ದೂ ಅದನ್ನೇ.